ಅಪ್ಪನ ರೇಡಿಯೊ ಲೈಸನ್ಸ್ ಪುಸ್ತಕ



ಬ್ಯಾಡಗಿಯ ನಮ್ಮ ಹಳೆಯ ಮನೆಯನ್ನು ಖಾಲಿ ಮಾಡಿದ ಸಂಗತಿ ನಿಮ್ಮಲ್ಲಿ ಕೆಲವರಿಗೆ ತಿಳಿದೇ ಇದೆ. ಅಟ್ಟದ ಮೇಲಿದ್ದ ಅಪ್ಪನ ಕಬ್ಬಿಣದ ಟ್ರಂಕನ್ನು ಇಳಿಸಲು ಕೈಜೋಡಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಹಾವೇರಿಯಲ್ಲಿ ಮೊಬೈಲ್ ದುರಸ್ತಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಟ್ರಂಕಿನ ತಳದಲ್ಲಿ, ಹೊಲದ ಉತಾರಗಳ ಕೆಳಗೆ, ಅಂಗೈಯಗಲದ ಒಂದು ಪುಸ್ತಕ ಸಿಕ್ಕಿತು. ಪುಟಪುಟಕ್ಕೂ ಅಂಚೆ ಕಚೇರಿಯ ಗುಂಡು ಮುದ್ರೆ. ಅವನು ತಿರುವಿ ನೋಡಿ, "ಸರ್, ಇದು ಪೋಸ್ಟಿನ ಪಾಸ್‌ಬುಕ್ಕಾ? ರೊಕ್ಕ ಅದಾವೇನು ಇದರಾಗ?" ಎಂದು ಕೇಳಿದ.

ಅದು ಪಾಸ್‌ಬುಕ್ ಅಲ್ಲ, ರೇಡಿಯೊ ಇಟ್ಟುಕೊಳ್ಳಲು ಸರಕಾರ ಕೊಡುತ್ತಿದ್ದ ಲೈಸನ್ಸ್ ಎಂದೆ. ಅವನು ನಕ್ಕುಬಿಟ್ಟ. ರೇಡಿಯೊ ಕೇಳಲು ಲೈಸನ್ಸೇ! ನಾನು ಮೂವತ್ತೈದು ವರ್ಷ ಇತಿಹಾಸ ಪಾಠ ಮಾಡಿದವನು. ಎರಡನೆಯ ಪುಲಿಕೇಶಿಯ ಶಾಸನದ ಕಾಲವನ್ನು ಇವನ ಬಾಯಿಂದ ಹೇಳಿಸಿದವನು. ನಮ್ಮದೇ ಮನೆಯ ಐವತ್ತು ವರ್ಷಗಳ ಹಿಂದಿನ ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅಂದಿನ ಆ ನಗೆಯೇ ಈ ಬರಹಕ್ಕೆ ಕಾರಣ.

ಈಗಿನ ಮಕ್ಕಳಿಗೆ ಲೈಸನ್ಸಿನ ಮಾತು ವಿಚಿತ್ರವೆನಿಸುವುದು ಸಹಜ. ಅದರ ಮೂಲ ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ನಮ್ಮ ದೇಶಕ್ಕೆ ಬಾನುಲಿಯನ್ನು ಮೊದಲು ತಂದದ್ದು ಸರಕಾರವಲ್ಲ, ಹವ್ಯಾಸಿಗಳ ಕ್ಲಬ್ಬುಗಳು. 1923ರಲ್ಲಿ ಮುಂಬಯಿಯ ರೇಡಿಯೊ ಕ್ಲಬ್, ಅದೇ ವರ್ಷ ಕಲಕತ್ತೆಯ ಕ್ಲಬ್, 1924ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್, ಹೀಗೆ ಒಂದೊಂದು ಊರಿನ ಆಸಕ್ತರು ಸೇರಿ, ಸಣ್ಣ ಯಂತ್ರಗಳನ್ನು ಇಟ್ಟುಕೊಂಡು, ಸಂಜೆ ಒಂದೆರಡು ತಾಸು ಹಾಡು ಮಾತು ಬಿತ್ತರಿಸಿದರು. 1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆ ಕೇಂದ್ರ ತೆರೆಯಿತು. ಕೇಳುಗರು ವರ್ಷಕ್ಕೆ ಹತ್ತು ರೂಪಾಯಿ ಲೈಸನ್ಸ್ ಶುಲ್ಕ ಕಟ್ಟಬೇಕು, ಅದರ ಬಹುಪಾಲು ಕಂಪನಿಗೆ ಸಲ್ಲಬೇಕು ಎಂಬುದು ಏರ್ಪಾಡು. ಆದರೆ ಶುಲ್ಕ ಕಟ್ಟಿದವರು ಕಡಿಮೆ, ಕಟ್ಟದೆ ಕೇಳಿದವರು ಬಹಳ. 1930ರ ಮಾರ್ಚಿನಲ್ಲಿ ಕಂಪನಿ ಬಾಗಿಲು ಮುಚ್ಚಿತು. ಕೇಂದ್ರಗಳು ಸರಕಾರದ ಕೈಸೇರಿದವು. 1933ರ ನಿಸ್ತಂತು ಕಾಯಿದೆ ಲೈಸನ್ಸ್ ಇಲ್ಲದೆ ರೇಡಿಯೊ ಇಟ್ಟುಕೊಳ್ಳುವುದನ್ನೇ ಅಪರಾಧವೆಂದು ಸಾರಿತು. 1936ರ ಜೂನ್ 8ರಂದು ಈ ಸರಕಾರಿ ಸೇವೆಗೆ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂತು. ಅಪ್ಪನ ಪುಸ್ತಕ ಆ 1933ರ ಕಾಯಿದೆಯ ಕೂಸು.

ಕನ್ನಡನಾಡಿನಲ್ಲೂ ಬಾನುಲಿ ಆರಂಭವಾದದ್ದು ಒಬ್ಬ ಮೇಷ್ಟರ ಮನೆಯಲ್ಲಿ. ಇದನ್ನು ಹೇಳುವಾಗ ನನಗೆ ವೃತ್ತಿಸಹಜವಾದ ಹೆಮ್ಮೆ ಉಂಟು! ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ವಿಠಲ ವಿಹಾರದಿಂದ 30 ವಾಟ್ ಶಕ್ತಿಯ ಯಂತ್ರದಲ್ಲಿ ಪ್ರಸಾರ ಆರಂಭಿಸಿದರು. ಮೂವತ್ತು ವಾಟ್ ಎಂದರೆ ಎಷ್ಟು? ನಮ್ಮ ಪಡಸಾಲೆಯಲ್ಲಿ ಉರಿಯುತ್ತಿದ್ದ ಹಳೆಯ ಬಲ್ಬು ನಲವತ್ತು ವಾಟಿನದು. ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ಕನ್ನಡ ಆಕಾಶಕ್ಕೆ ಏರಿತು. ಆ ಕೇಂದ್ರಕ್ಕೆ ಇಟ್ಟ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೊ ಆ ಹೆಸರನ್ನು ತೊಟ್ಟಿತು. 2023ರ ಮೇ ತಿಂಗಳಲ್ಲಿ ಆಲ್ ಇಂಡಿಯಾ ರೇಡಿಯೊ ಎಂಬ ಇಂಗ್ಲಿಷ್ ಹೆಸರನ್ನೇ ಕೈಬಿಟ್ಟು ಆಕಾಶವಾಣಿ ಎಂದಷ್ಟೇ ಬಳಸಬೇಕೆಂದು ಆದೇಶವಾದಾಗ ನನಗೆ ನೆನಪಾದದ್ದು ಒಂಟಿಕೊಪ್ಪಲಿನ ಆ ಮನೆ.

ಆದರೆ ಆ ದನಿ ನಮ್ಮ ಕಡೆಗೆ ಎಲ್ಲಿ ಮುಟ್ಟಬೇಕು? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಆಗ ಧಾರವಾಡ ಜಿಲ್ಲೆಯ ಊರುಗಳು. ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಹೊಳೆಯ ಆಚೆ ಮೈಸೂರು ಸಂಸ್ಥಾನ, ಈಚೆ ನಾವು. ನಮ್ಮವರ ಕಚೇರಿ, ಕೋರ್ಟು, ವ್ಯಾಪಾರ ಹೇಗೆ ಮುಂಬಯಿಯತ್ತ ಮುಖ ಮಾಡಿದ್ದವೋ ರೇಡಿಯೊದ ಮುಳ್ಳೂ ಹಾಗೆ ಮುಂಬಯಿಯತ್ತಲೇ ಇತ್ತು. ನಮ್ಮ ಹಾನಗಲ್ಲಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಗಂಗೂಬಾಯಿಯವರು ಮುಂಬಯಿ ಕೇಂದ್ರದಿಂದ ಹಾಡುತ್ತಿದ್ದ ಕಾಲವದು. ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ದಕ್ಕಿದ ಕೇಂದ್ರಗಳು ಆರು: ದಿಲ್ಲಿ, ಮುಂಬಯಿ, ಕಲಕತ್ತಾ, ಮದ್ರಾಸ್, ತಿರುಚಿರಾಪಳ್ಳಿ, ಲಖನೌ. ಜನಸಂಖ್ಯೆಯಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ ಮಾತ್ರ ಅವುಗಳ ದನಿ ಮುಟ್ಟುತ್ತಿತ್ತು. ಈ ಆರರಲ್ಲಿ ಕನ್ನಡದ ಊರು ಒಂದೂ ಇಲ್ಲವೆಂಬುದನ್ನು ಗಮನಿಸಿರಿ.

ಆ ಕೊರತೆ ನೀಗಿದ್ದು 1950ರ ಜನವರಿ 8ರಂದು, ಧಾರವಾಡ ಕೇಂದ್ರದ ಆರಂಭದಿಂದ. ಗಣರಾಜ್ಯೋತ್ಸವಕ್ಕಿಂತ ಹದಿನೆಂಟು ದಿನ ಮೊದಲು ನಮ್ಮ ಭಾಗದ ಕನ್ನಡಕ್ಕೆ ತನ್ನದೇ ಆದ ಗಂಟಲು ಬಂತು. ಕರ್ನಾಟಕ ಏಕೀಕರಣ ಆದದ್ದು 1956ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, ಆಡಳಿತದಲ್ಲಿ ಹರಿದು ಹಂಚಿಹೋಗಿದ್ದ ಜನ ಸಂಜೆಯಾಯಿತೆಂದರೆ ಒಂದೇ ದನಿಗೆ ಕಿವಿಗೊಡತೊಡಗಿದ್ದರು. ಬೇಂದ್ರೆಯವರು ಆ ಕೇಂದ್ರದ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು. ಕಾದಂಬರಿಕಾರ ಎನ್ಕೆ ಕುಲಕರ್ಣಿಯವರು ಅಲ್ಲಿ ನೌಕರಿಯಲ್ಲಿದ್ದರು. ನಾವು ಕೇಳುತ್ತಿದ್ದ ದನಿಯ ಹಿಂದೆ ಎಂಥ ಮಂದಿ ಕುಳಿತಿದ್ದರೆಂಬುದು ನನಗೆ ಅರಿವಾದದ್ದು ಬಿ.ಎಡ್. ಓದಲು ಧಾರವಾಡಕ್ಕೆ ಹೋದ ಮೇಲೆ.

ಇನ್ನು ನಮ್ಮ ಮನೆಯ ರೇಡಿಯೊಕ್ಕೆ ಬರೋಣ. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಸಾಹುಕಾರರ ಗಾದಿಯ ಪಕ್ಕದಲ್ಲಿ ಒಂದು ದೊಡ್ಡ ವಾಲ್ವ್ ಸೆಟ್ಟು ಇತ್ತು. ಸುಗ್ಗಿಯ ದಿನಗಳಲ್ಲಿ ಅಂಗಡಿಯ ಮುಂದೆ ಚೀಲಗಳ ರಾಶಿ, ಗಾಳಿಯಲ್ಲಿ ಘಾಟು, ಎಲ್ಲರಿಗೂ ಸೀನು. ಪೇಟೆ ಧಾರಣೆಯ ಹೊತ್ತಿಗೆ ಮಾತ್ರ ಹಮಾಲರು ಸಹ ಚೀಲ ಇಳಿಸಿ ನಿಲ್ಲುತ್ತಿದ್ದರು. ದೂರದ ಪೇಟೆಯ ದರ ಅಲ್ಲಿಯವರೆಗೆ ಸಾಹುಕಾರರಿಗೆ ಬರುವ ತಂತಿಯಲ್ಲಿ ಅಡಗಿರುತ್ತಿತ್ತು. ರೇಡಿಯೊ ಅದನ್ನು ಗಾಡಿ ಹೊಡೆದುಕೊಂಡು ಬಂದ ರೈತನ ಕಿವಿಗೂ ಹಾಕಿತು. ಆಮೇಲೆ ನಡೆಯುವ ಚೌಕಾಸಿಯ ಧಾಟಿಯೇ ಬೇರೆ ಎಂದು ಅಪ್ಪ ಹೇಳುತ್ತಿದ್ದರು.

1968ರಲ್ಲಿ ಸಾಹುಕಾರರು ಟ್ರಾನ್ಸಿಸ್ಟರ್ ಕೊಂಡರು. ಹಳೆಯ ಸೆಟ್ಟನ್ನು ಅಪ್ಪನಿಗೆ ಕೊಟ್ಟು, ಅದರ ಬೆಲೆಯನ್ನು ಪಗಾರದಲ್ಲಿ ತಿಂಗಳು ತಿಂಗಳು ಮುರಿದುಕೊಂಡರು. ನನಗಾಗ ಎಂಟು ವರ್ಷ. ಕೈಗಾಡಿಯಲ್ಲಿ, ಕೌದಿ ಸುತ್ತಿಕೊಂಡು, ಅದು ಬಂದ ಬಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಮನೆಯ ಮೇಲೆ ಎರಡು ಬಿದಿರಿನ ಗಳ ನೆಟ್ಟು ತಾಮ್ರದ ಜಾಳಿಗೆಯ ಪಟ್ಟಿಯನ್ನು ಏರಿಯಲ್ ಎಂದು ಬಿಗಿದರು. ಗುಬ್ಬಿ ತಿರುವಿದ ಕೂಡಲೇ ದನಿ ಬರುತ್ತಿರಲಿಲ್ಲ. ಒಳಗಿನ ವಾಲ್ವುಗಳು ಬಿಸಿಯಾಗಿ ಕೆಂಪಗೆ ಮಿನುಗಬೇಕು. ಅದಕ್ಕೆ ಅರ್ಧ ನಿಮಿಷ ಬೇಕು. ಮುಂದಿನ ಗಾಜಿನ ಮೇಲೆ ಊರುಗಳ ಹೆಸರು. ಮೂಲೆಯಲ್ಲೊಂದು ಹಸಿರು ಕಣ್ಣು: ಕೇಂದ್ರ ಸರಿಯಾಗಿ ಸಿಕ್ಕಾಗ ಅದರ ಎರಡು ರೆಪ್ಪೆಗಳು ಒಂದಕ್ಕೊಂದು ಹತ್ತಿರ ಬರುತ್ತಿದ್ದವು. ಮೊದಲು ಕೇಳುವುದು ಆ ಆರಂಭದ ನಾದ. ಅದನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರರು. ಹಿಟ್ಲರನ ಕಾಲದಲ್ಲಿ ಯುರೋಪು ತೊರೆದು ಮುಂಬಯಿಗೆ ಬಂದು, ಅಲ್ಲಿನ ರೇಡಿಯೊ ಕೇಂದ್ರದಲ್ಲಿ ಕೆಲಸ ಮಾಡಿದವರು. ದೇಶ ಕಳೆದುಕೊಂಡ ಒಬ್ಬ ಮನುಷ್ಯ ನಮ್ಮ ದೇಶದ ಪ್ರತಿ ಬೆಳಗಿಗೂ ಒಂದು ನಾದ ಕೊಟ್ಟುಹೋದ. ನಾನು ಎರಡನೆಯ ಮಹಾಯುದ್ಧದ ಪಾಠ ಮಾಡುವಾಗ ಇದನ್ನು ಹೇಳಬೇಕಾಗಿತ್ತು. ಹೇಳಲಿಲ್ಲ, ಏಕೆಂದರೆ ನನಗೇ ತಿಳಿದಿರಲಿಲ್ಲ.

ಮೀಡಿಯಂ ವೇವ್ ಎಂಬುದು ಭೂಮಿಯನ್ನು ಹಿಡಿದು ಸಾಗುವ ಅಲೆ. ಧಾರವಾಡ ಹಗಲು ರಾತ್ರಿ ಸ್ಪಷ್ಟವಾಗಿ ಸಿಗುತ್ತಿತ್ತು. 1965ರಲ್ಲಿ ಭದ್ರಾವತಿ ಕೇಂದ್ರ ತೆರೆದ ಮೇಲೆ ರಾಣೆಬೆನ್ನೂರಿನ ಕಡೆಯವರು ಅದನ್ನೂ ಹಿಡಿಯುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಆಕಾಶದ ಮೇಲ್ಪದರವೊಂದು ಕನ್ನಡಿಯಂತೆ ಅಲೆಗಳನ್ನು ಹಿಂದಿರುಗಿಸುವುದರಿಂದ ಹಗಲಿನಲ್ಲಿ ಸುಳಿವೇ ಇಲ್ಲದ ದೂರದ ಕೇಂದ್ರಗಳು ರಾತ್ರಿ ತೇಲಿ ಬರುತ್ತಿದ್ದವು. ಶಾರ್ಟ್ ವೇವಿನಲ್ಲಿ ಸಿಲೋನ್. ಬುಧವಾರ ರಾತ್ರಿ ಅಮೀನ್ ಸಯಾನಿಯವರ ಗೀತಮಾಲಾ. ಸರಕಾರಿ ರೇಡಿಯೊ ಚಿತ್ರಗೀತೆಗಳಿಗೆ ಬಾಗಿಲು ಹಾಕಿಕೊಂಡ 1952ರಲ್ಲೇ ಆ ಕಾರ್ಯಕ್ರಮ ಹುಟ್ಟಿದ್ದು. ಅದರ ಪೆಟ್ಟಿಗೆ ಉತ್ತರವಾಗಿಯೇ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂತು. 2024ರ ಫೆಬ್ರವರಿಯಲ್ಲಿ ಸಯಾನಿಯವರು ತೀರಿಕೊಂಡ ಸುದ್ದಿ ಓದಿದ ದಿನ ನಮ್ಮ ಓಣಿಯ ಇಬ್ಬರು ಮುದುಕರು ಅವರಂತೆಯೇ ದನಿ ಮಾಡಿ ಮಾತಾಡಿಕೊಂಡದ್ದನ್ನು ಕಂಡೆ.

ನಮ್ಮ ಮನೆಯ ರೇಡಿಯೊ ಹೆಸರಿಗೆ ಮಾತ್ರ ನಮ್ಮದು. 1971ರ ಡಿಸೆಂಬರಿನ ಯುದ್ಧದ ಹದಿನಾಲ್ಕು ದಿನ ಓಣಿಯ ಅರ್ಧ ಜನ ನಮ್ಮ ಪಡಸಾಲೆಯಲ್ಲಿದ್ದರು. ಓಣಿಯ ಹುಡುಗನೊಬ್ಬ ಸೈನ್ಯದಲ್ಲಿದ್ದ. ಅವನ ತಾಯಿ ಬಾಗಿಲಿನ ಹತ್ತಿರವೇ ಕೂಡುತ್ತಿದ್ದಳು, ಒಳಗೆ ಬಾ ಎಂದರೂ ಬರುತ್ತಿರಲಿಲ್ಲ. ಇಂಗ್ಲಿಷ್ ಬಾತ್ಮಿ ಮುಗಿದೊಡನೆ ಅಪ್ಪ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಸತ್ತವರ ಲೆಕ್ಕ ಬಂದಾಗ ಅದನ್ನು ಬಿಟ್ಟು ಹೇಳುತ್ತಿದ್ದರೆಂಬುದು, ನನಗೂ ನಾಲ್ಕಕ್ಷರ ಇಂಗ್ಲಿಷ್ ಬರತೊಡಗಿದ್ದರಿಂದ, ತಿಳಿಯುತ್ತಿತ್ತು. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯಾಯಿತೆಂದು ಕೇಳಿದಾಗ ಆ ತಾಯಿ ಎದ್ದು ಬಂದು ರೇಡಿಯೊಕ್ಕೆ ಕುಂಕುಮ ಹಚ್ಚಿದಳು. ಹುಡುಗ ಮರಳಿ ಬಂದ. ಈಗ ಅವನೂ ಅಜ್ಜನಾಗಿದ್ದಾನೆ.

ಗುಂಪಾಗಿ ಕೇಳುವುದು ಬಡತನದ ಅನಿವಾರ್ಯವಷ್ಟೇ ಆಗಿರಲಿಲ್ಲ, ಅದೊಂದು ಯೋಜನೆಯೂ ಆಗಿತ್ತು. 1956ರ ಆರಂಭದಲ್ಲಿ, ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ಅದೇ ರಾಜ್ಯದ ಮರಾಠಿ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಪುಣೆ ಕೇಂದ್ರದ ಮೂಲಕ ಯುನೆಸ್ಕೊ ನೆರವಿನಿಂದ ಒಂದು ಪ್ರಯೋಗ ನಡೆಯಿತು. ಹಳ್ಳಿಗೊಂದು ಗುಂಪು, ಇಪ್ಪತ್ತು ಕಾರ್ಯಕ್ರಮ. ಕೇಳುವುದು, ಕೇಳಿದ ಮೇಲೆ ಕುಳಿತು ಚರ್ಚಿಸುವುದು, ಸಂದೇಹವಿದ್ದರೆ ಕೇಂದ್ರಕ್ಕೆ ಕಾಗದ ಬರೆಯುವುದು. ಕೆನಡಾ ದೇಶದ ರೈತರು 1941ರಿಂದ ನಡೆಸುತ್ತಿದ್ದ ಪದ್ಧತಿಯೇ ಇದಕ್ಕೆ ಮಾದರಿ. ಫಲಿತಾಂಶ ನೋಡಿ 1959ರಿಂದ ದೇಶದ ಉಳಿದೆಡೆಗೂ ಅದನ್ನು ವಿಸ್ತರಿಸಿದರು. ತಂಜಾವೂರಿನ ರೈತರು ರೇಡಿಯೊದಲ್ಲಿ ಕೇಳಿ ಬಿತ್ತಿದ ಎ.ಡಿ.ಟಿ. 27 ಎಂಬ ಭತ್ತಕ್ಕೆ ರೇಡಿಯೊ ಭತ್ತವೆಂದೇ ಹೆಸರಾಯಿತು.

ನಮ್ಮ ರಾಣೆಬೆನ್ನೂರಿನ ಕಥೆಯೂ ಅಂಥದ್ದೇ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿ ಡಾ. ಬಿ. ಎಚ್. ಕಟಾರ್ಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಕೊಟ್ಟರು. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು. ಮಧ್ಯಾಹ್ನ ಮೊಗ್ಗಿನ ಕೇಸರವನ್ನು ಕೈಯಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಮುಟ್ಟಿಸಬೇಕು. ಈ ಕ್ರಾಸಿಂಗ್ ಕೆಲಸವೇ ರಾಣೆಬೆನ್ನೂರನ್ನು ಬೀಜದ ಊರನ್ನಾಗಿ ಮಾಡಿತು. ನಾನು 1985ರಲ್ಲಿ ಆ ಊರಿನ ಪ್ರೌಢಶಾಲೆಯೊಂದಕ್ಕೆ ಸೇರಿದಾಗ ಎಷ್ಟೋ ಮಕ್ಕಳು ಕ್ರಾಸಿಂಗ್ ಮುಗಿಸಿ ಹಳದಿ ಬೆರಳುಗಳೊಡನೆ ತರಗತಿಗೆ ಬರುತ್ತಿದ್ದರು. ಒಬ್ಬನ ತಂದೆ ನನಗೆ ಹೇಳಿದ ಮಾತು: "ನಮ್ಗ ಸಾಲಿ ಎಲ್ಲಿಂದ ಬರಬೇಕ್ರಿ ಮಾಸ್ತರ. ಎತ್ತಿನ ಕೊಳ್ಳಾಗ ಟ್ರಾನ್ಸಿಸ್ಟರ್ ಕಟ್ಟಿದ್ನಿ. ಧಾರವಾಡದಾವ್ರು ಹೇಳಿದ್ರು, ನಾ ಮಾಡಿದ್ನಿ." ಎತ್ತಿನ ಕೊರಳಿಗೆ ಟ್ರಾನ್ಸಿಸ್ಟರ್ ಕಟ್ಟಿ ನೇಗಿಲು ಹೊಡೆದ ಮನುಷ್ಯನನ್ನು ಯಾವ ಇತಿಹಾಸದ ಪುಸ್ತಕದಲ್ಲಿ ನಾನು ಓದಿದ್ದೇನೆ?

ಲೈಸನ್ಸಿಗೆ ಮರಳೋಣ. ಅಪ್ಪನ ಪುಸ್ತಕದಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಿದ ದಾಖಲೆ ಇದೆ. ಅವರ ತಿಂಗಳ ಪಗಾರ ಆಗ ತೊಂಬತ್ತು ರೂಪಾಯಿ. ತಪಾಸಣೆಯವರು ಬರುತ್ತಾರೆಂಬ ಗಾಳಿಸುದ್ದಿ ಹಬ್ಬಿದರೆ ಸಾಕು, ಹಾವೇರಿಯ ನಮ್ಮ ಸೋದರಮಾವನ ಮನೆಯಲ್ಲಿ ರೇಡಿಯೊ ಜೋಳದ ಹಗೇವಿನ ಬಾಯಿಗೆ ಹೋಗಿ ಕೂಡುತ್ತಿತ್ತು. ಮಾವನದು ರೇಡಿಯೊ ರಿಪೇರಿಯ ಅಂಗಡಿ ಎಂಬುದು ಈ ಕಥೆಯ ತಮಾಷೆ! ಅಪ್ಪ ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ. ಒಂದೆರಡು ಬ್ಯಾಂಡಿನ ಸಣ್ಣ ಸೆಟ್ಟುಗಳಿಗೆ 1980ರಲ್ಲಿ ಲೈಸನ್ಸ್ ತೆಗೆದುಹಾಕಿದರು. ಉಳಿದವಕ್ಕೆ ಆ ದಶಕದ ಮಧ್ಯದ ಹೊತ್ತಿಗೆ ಮುಗಿಯಿತು. ಪುಸ್ತಕದ ಕೊನೆಯ ಮುದ್ರೆ 1984ರದು.

ಈಗ ಹೇಳಲು ಕಷ್ಟವಾದ ಭಾಗ. 1994ರಲ್ಲಿ ತಂಗಿಯ ಮದುವೆಗೆಂದು ಮನೆಗೆ ಸುಣ್ಣ ಬಣ್ಣ ಮಾಡಿಸಿದೆವು. ರೇಡಿಯೊ ನಾಲ್ಕೈದು ವರ್ಷಗಳಿಂದ ಮೂಕವಾಗಿತ್ತು. ಮಾವ ತೀರಿಕೊಂಡಿದ್ದರು, ವಾಲ್ವುಗಳು ಸಿಗುತ್ತಿರಲಿಲ್ಲ, ಟಿ.ವಿ. ಬಂದಿತ್ತು. ಪಡಸಾಲೆಯಲ್ಲಿ ಜಾಗ ಬೇಕಾಗಿತ್ತು. ಅಪ್ಪ ಲಗ್ನಪತ್ರಿಕೆ ಹಂಚಲು ರಾಣೆಬೆನ್ನೂರಿಗೆ ಹೋದ ದಿನ ನಾನು ಗುಜರಿಯವನನ್ನು ಕರೆದೆ. ಅವನು ನಲವತ್ತು ರೂಪಾಯಿ ಕೊಟ್ಟ. ಕಟ್ಟಿಗೆಯ ಪೆಟ್ಟಿಗೆ ತನಗೆ ಬೇಡವೆಂದು ಒಳಗಿನದನ್ನು ಕಿತ್ತುಕೊಂಡು ಹೋದ. ಪೆಟ್ಟಿಗೆ ಮದುವೆಯ ಒಲೆಗೆ ಹೋಯಿತು.

ಅಪ್ಪ ಬಂದರು, ಖಾಲಿ ಜಾಗ ನೋಡಿದರು, ಏನೂ ಅನ್ನಲಿಲ್ಲ. ಕೈಕಾಲು ತೊಳೆದುಕೊಂಡು ಊಟಕ್ಕೆ ಕುಳಿತರು. ಮುಂದೆ ಒಂಬತ್ತು ವರ್ಷ ಬದುಕಿದ್ದರು, ಒಮ್ಮೆಯೂ ಆ ಮಾತು ಎತ್ತಲಿಲ್ಲ. ನಾನೂ ಅವರಿಗದು ದೊಡ್ಡ ವಿಷಯವಲ್ಲವೆಂದೇ ತಿಳಿದೆ. ಈಗ ಆ ಪುಸ್ತಕ ಟ್ರಂಕಿನಲ್ಲಿ ಸಿಕ್ಕಾಗ ಅವ್ವನಿಗೆ ತೋರಿಸಿದೆ. ಅವ್ವನಿಗೆ ಎಂಬತ್ತಾರು. ಮುಟ್ಟಿ ನೋಡಿ ಹೇಳಿದಳು: "ಇದನ್ನ ರೇಡಿಯೋದ ಹಿಂದ ಮೊಳಿಗೆ ಸಿಗಸಿದ್ದ ನಿಮ್ಮಪ್ಪ. ನೀ ಮಾರಿದ ದಿನ ಗ್ವಾಡಿಮ್ಯಾಲೆ ಇದೊಂದ ಉಳದಿತ್ತು. ರಾತ್ರಿ ತಗದು ಟ್ರಂಕಿನ್ಯಾಗ ಇಟ್ಟ. ಯಾಕಂತ ಕೇಳಿದ್ರ, ಯಾರಾರ ಬಂದು ಕೇಳಿದ್ರ ತೋರಸಾಕ ಬೇಕಲ್ಲ ಅಂದ."

ಲೈಸನ್ಸ್ ರದ್ದಾಗಿ ಹತ್ತು ವರ್ಷವಾಗಿತ್ತು. ಕೇಳಲು ಯಾರು ಬರುತ್ತಿದ್ದರು?

ಹೊರದೇಶಗಳಲ್ಲಿ ಹಳೆಯ ರೇಡಿಯೊಗಳನ್ನು ಕಾಪಾಡುವ ಸಂಘಗಳು ಬಹಳ ಹಿಂದಿನಿಂದಲೂ ಇವೆ. ಅಮೆರಿಕದ ಆಂಟೀಕ್ ವೈರ್‌ಲೆಸ್ ಅಸೋಸಿಯೇಷನ್ 1952ರಲ್ಲೂ ಬ್ರಿಟನ್ನಿನ ವಿಂಟೇಜ್ ವೈರ್‌ಲೆಸ್ ಸೊಸೈಟಿ 1976ರಲ್ಲೂ ಹುಟ್ಟಿದವು. ಟ್ರಂಕ್ ಇಳಿಸಿದ ನನ್ನ ಶಿಷ್ಯ ಇಂಥವುಗಳ ವಿಡಿಯೊ ನೋಡಿ ನೋಡಿ ಈಗ ತಾನೇ ಮೂರು ಹಳೆಯ ಸೆಟ್ಟು ಕೂಡಿಹಾಕಿದ್ದಾನೆ. ಒಂದಕ್ಕೆ ಜೀವ ಬಂದಿದೆ. ಅವನಿಂದ ಕಲಿತ ಒಂದು ಮಾತನ್ನು ನಿಮ್ಮ ಹಿತಕ್ಕಾಗಿ ಇಲ್ಲಿ ಬರೆಯುತ್ತೇನೆ. ಅಟ್ಟದ ಮೇಲಿನ ಹಳೆಯ ಸೆಟ್ಟು ಸಿಕ್ಕರೆ ಸಂತೋಷದ ಭರದಲ್ಲಿ ನೇರವಾಗಿ ಕರೆಂಟಿಗೆ ಚುಚ್ಚಬೇಡಿರಿ. ಒಳಗಿನ ಕಾಗದದ ಕಂಡೆನ್ಸರುಗಳು ವಯಸ್ಸಾದಂತೆ ಸೋರತೊಡಗುತ್ತವೆ, ದೊಡ್ಡ ಕಂಡೆನ್ಸರುಗಳು ಒಣಗಿಹೋಗಿರುತ್ತವೆ, ವಾಯರಿನ ರಬ್ಬರು ಪುಡಿಯಾಗಿರುತ್ತದೆ. ಚುಚ್ಚಿದೊಡನೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಬಲ್ಲವರು ಮೊದಲು ಹಳೆಯ ಕಂಡೆನ್ಸರುಗಳನ್ನು ಬದಲಿಸಿ, ಆಮೇಲೆ ಒಂದು ತಂತಿಯ ಬಲ್ಬನ್ನು ಸಾಲಿನಲ್ಲಿ ಜೋಡಿಸಿ ಕರೆಂಟು ಕೊಡುತ್ತಾರೆ. ಒಳಗೆ ದೋಷವಿದ್ದರೆ ಬಲ್ಬು ಪ್ರಖರವಾಗಿ ಉರಿದು ಸೆಟ್ಟನ್ನು ಉಳಿಸುತ್ತದೆ.

ಆ ಹುಡುಗ ಹೇಳಿದ: "ಸರ್, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರು ಕೂಡಿ ನಾವೂ ಒಂದು ಸಂಘ ಮಾಡೂಣು. ನೀವ ಅಧ್ಯಕ್ಷರು." ಅಧ್ಯಕ್ಷಗಿರಿ ನನಗೆ ಬೇಡ. ಆದರೆ ಆ ಮಾತು ನನ್ನನ್ನು ಹಲವು ದಿನ ಯೋಚನೆಗೆ ಹಚ್ಚಿತು. ಯೋಚಿಸಿ ಕಂಡುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ರೇಡಿಯೊದ ಇತಿಹಾಸವೆಂದರೆ ನಾವು ಪೆಟ್ಟಿಗೆಯ ಕಡೆ ಕೈ ತೋರುತ್ತೇವೆ. ಪೆಟ್ಟಿಗೆ ಉಳಿಯುತ್ತದೆ, ಕೆಟ್ಟರೆ ರಿಪೇರಿಯೂ ಆಗುತ್ತದೆ. ನಾನು ನಲವತ್ತು ರೂಪಾಯಿಗೆ ಮಾರಿದಂಥದೇ ಸೆಟ್ಟು ಇಂದು ದುಡ್ಡು ಕೊಟ್ಟರೆ ಎಲ್ಲಿಯಾದರೂ ಸಿಕ್ಕೀತು. ಅದರಲ್ಲಿ ಬಂದ ದನಿ ಸಿಗುವುದಿಲ್ಲ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಒಂದು ಕಾರ್ಯಕ್ರಮದ ಮೇಲೆ ಇನ್ನೊಂದನ್ನು ಮುದ್ರಿಸುವುದು ಜಗತ್ತಿನ ಎಲ್ಲ ರೇಡಿಯೊಗಳ ರೂಢಿಯಾಗಿತ್ತು. ದೊಡ್ಡ ಗವಾಯಿಗಳ ಗಾಯನವನ್ನು ಆಕಾಶವಾಣಿಯ ಭಂಡಾರ ಕಾಪಾಡಿದೆ, ಅದಕ್ಕೆ ನಾವು ಋಣಿಗಳು. ಆದರೆ ದಿನದಿನದ ಪೇಟೆ ಧಾರಣೆಯನ್ನು, ರೈತರಿಗೆ ಹೇಳಿದ ನಾಲ್ಕು ಮಾತನ್ನು ಯಾರು ತೆಗೆದಿಡಬೇಕು? ದನಿಗಿಂತಲೂ ಬೇಗ ಅಳಿಯುವುದು ಕೇಳಿದವರ ನೆನಪು. ಅಂಗಡಿಯ ಮುಂದೆ ಚೀಲ ಇಳಿಸಿ ನಿಂತ ಹಮಾಲನ ಕಿವಿ, ಬಾಗಿಲಲ್ಲಿ ಕುಳಿತ ಆ ತಾಯಿಯ ಕಿವಿ, ಎತ್ತಿನ ಹಿಂದೆ ನಡೆದವನ ಕಿವಿ. ನಮ್ಮ ಮೂರು ಊರುಗಳಲ್ಲಿ ಬಾನುಲಿ ಕೇಂದ್ರ ಇರಲಿಲ್ಲ, ರೇಡಿಯೊ ಕಾರಖಾನೆ ಇರಲಿಲ್ಲ. ಇದ್ದದ್ದು ಕೇಳುವ ಜನ. ನಮ್ಮ ರೇಡಿಯೊ ಇತಿಹಾಸವೆಂದರೆ ಕೇಳಿದವರ ಇತಿಹಾಸ. ಅವರಲ್ಲಿ ಬಹುಮಂದಿ ಈಗ ಎಂಬತ್ತು ದಾಟಿದ್ದಾರೆ.

ಆದ್ದರಿಂದ ಸಂಘ ಮಾಡುವುದಾದರೆ ಮೊದಲು ಕಾಗದ ಮತ್ತು ಕಿವಿ, ಆಮೇಲೆ ಪೆಟ್ಟಿಗೆ ಎಂದು ಅವನಿಗೆ ಹೇಳಿದೆ. ಅವನಿಗೆ ಅರ್ಧ ನಿರಾಶೆಯಾಯಿತು, ಆದರೂ ಒಪ್ಪಿದ. ಕಳೆದ ತಿಂಗಳು ಇಬ್ಬರೂ ಕೂಡಿ ನಾಲ್ಕು ಜನ ಹಿರಿಯರ ಮಾತುಗಳನ್ನು ಮೊಬೈಲಿನಲ್ಲಿ ಮುದ್ರಿಸಿದೆವು. ಒಬ್ಬರು ಹಳೆಯ ಹಮಾಲರು, ಒಬ್ಬರು ರೇಡಿಯೊ ಲೈಸನ್ಸಿನ ಹಣ ಕಟ್ಟಿಸಿಕೊಳ್ಳುತ್ತಿದ್ದ ನಿವೃತ್ತ ಅಂಚೆ ನೌಕರರು, ಒಬ್ಬರು ಹತ್ತಿಯ ಕ್ರಾಸಿಂಗ್ ಮಾಡಿದ ಅಮ್ಮ. ನಾಲ್ಕನೆಯವಳು ನಮ್ಮ ಅವ್ವ. ಬೆಳಗಿನ ಆ ನಾದ ನೆನಪಿದೆಯೇ ಎಂದು ಕೇಳಿದ್ದಕ್ಕೆ ಅವ್ವ, "ಅದು ಬಂತಂದ್ರ ಒಲಿ ಹಚ್ಚೂ ಹೊತ್ತು" ಎಂದಳು. ಗಡಿಯಾರ ಇಲ್ಲದ ಮನೆಗೆ ರೇಡಿಯೊ ಗಡಿಯಾರವೂ ಆಗಿತ್ತೆಂಬುದು ನನಗೆ ಆಗಲೇ ಹೊಳೆದದ್ದು.

ಈ ಪುಟವನ್ನು ಓದುತ್ತಿರುವ ಶಿಷ್ಯರಲ್ಲಿ, ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲಿ, ಗಲ್ಲಾಪೆಟ್ಟಿಗೆಯಲ್ಲಿ ಇಂಥ ಪುಸ್ತಕ ಇದ್ದರೆ ಎಸೆಯಬೇಡಿರಿ. ಕೇಂದ್ರಕ್ಕೆ ಬರೆದ ಪತ್ರಕ್ಕೆ ಬಂದ ಉತ್ತರ, ರೇಡಿಯೊ ಕೊಂಡ ಪಾವತಿ, ಅಂಗಡಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಇದ್ದರೆ ಅದರ ಒಂದು ಪ್ರತಿ ಮಾಡಿ ಇಡಿರಿ. ಹಿರಿಯರಿದ್ದರೆ ಈ ದೀಪಾವಳಿಗೆ ಊರಿಗೆ ಹೋದಾಗ ಅರ್ಧ ತಾಸು ಅವರ ಬಳಿ ಕುಳಿತು, ಮೊದಲ ಸಲ ರೇಡಿಯೊ ಕೇಳಿದ್ದು ಎಲ್ಲಿ, ಯಾರ ಮನೆಯಲ್ಲಿ, ಜೊತೆಗೆ ಯಾರಿದ್ದರು ಎಂದು ಕೇಳಿರಿ. ಮುಂದಿನದನ್ನು ಅವರೇ ಹೇಳುತ್ತಾರೆ.

ಯಾರಾದರೂ ಬಂದು ಕೇಳಿದರೆ ತೋರಿಸಬೇಕೆಂದು ಅಪ್ಪ ಆ ಪುಸ್ತಕವನ್ನು ಇಟ್ಟಿದ್ದರು. ಮೂವತ್ತು ವರ್ಷಗಳ ಮೇಲೆ ಒಬ್ಬ ಹುಡುಗ ಬಂದು, ಇದೇನು ಎಂದು ಕೇಳಿದ. ತೋರಿಸಿದ್ದೇನೆ, ಅಪ್ಪಾ.